ಹಾವಸೆಯ ಸಾರ ಮತ್ತು ಮಣ್ಣಿನ ತೂಕ: ನನ್ನ ಅನುಭವ

ನಮ್ಮ ಅಡಿಕೆ ತೋಟದ ಜಂಬಿಟ್ಟಿಗೆ ಕಲ್ಲಿನ ಪಾಗಾರದ ಮೇಲೆ ಬೇಸಿಗೆಯಲ್ಲಿ ಕಪ್ಪು ಕಲೆಯಂತೆ ಅಂಟಿಕೊಂಡಿರುವ ಹಾವಸೆ (ಮಾಸ್), ಮೊದಲ ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಸಿರಾಗಿ ಅರಳುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬೆಳೆದವಳು. ಒಣಗಿದಾಗ ಎಲೆಗಳ ಅಂಚು ಒಳಮುಖವಾಗಿ ಕೊಳವೆಯಂತೆ ಸುರುಳಿಯಾಗಿ, ನೀರು ತಾಗಿದೊಡನೆ ಬಿಚ್ಚಿಕೊಳ್ಳುವ ಆ ಸಸ್ಯದ ಹೆಸರು ಹಯೋಫಿಲಾ ಇನ್ವೊಲ್ಯುಟಾ ಎಂದು ತಿಳಿದದ್ದು ಸಸ್ಯಶಾಸ್ತ್ರದ ಸಂಶೋಧನೆಗೆ ಸೇರಿದ ಮೇಲೆ. ಅದರಿಂದ ಮದ್ಯಸಾರದ ದ್ರಾವಕಗಳಲ್ಲಿ ಸಾರ ತೆಗೆಯುವ ಕೆಲಸವನ್ನು ನಾನು ಎರಡು ಮಳೆಗಾಲ ಮಾಡಿದ್ದೇನೆ. ಮೊದಲನೆಯ ವರ್ಷದ ಫಲಿತಾಂಶಗಳನ್ನು ಪೂರ್ತಿಯಾಗಿ ಬದಿಗಿಡಬೇಕಾಯಿತು. ಅದು ಏಕೆಂದು ವಿವರವಾಗಿ ಬರೆಯುವುದು ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾದೀತು.

ಹಾವಸೆಯ ವರ್ಗದ ಸಸ್ಯಗಳಲ್ಲಿ ಔಷಧೀಯ ಗುಣವನ್ನು ಹುಡುಕುವುದು ಹೊಸ ಸಂಗತಿಯಲ್ಲ. ಹಿಮಾಚಲದ ಕಾಂಗಡಾ ಕಣಿವೆಯ ಗದ್ದಿ ಜನ ಹಾವಸೆಯ ಬಂಧುವಾದ, ಪ್ಲೇಜಿಯೋಕ್ಯಾಸ್ಮ ಎಂಬ ಲಿವರ್‌ವರ್ಟ್ ಸಸ್ಯವನ್ನು ಚರ್ಮದ ತೊಂದರೆಗಳಿಗೆ ಬಳಸುತ್ತ ಬಂದಿದ್ದಾರೆ. ಜಪಾನಿನ ಯೋಶಿನೋರಿ ಅಸಕಾವಾ ಅವರು ದಶಕಗಳ ಕಾಲ ಲಿವರ್‌ವರ್ಟ್‌ಗಳ ರಸಾಯನವನ್ನು ಅಧ್ಯಯನ ಮಾಡಿ, ಮಾರ್ಕಾಂಟಿನ್‌ನಂತಹ ಸಂಯುಕ್ತಗಳ ದೊಡ್ಡ ಪ್ರಪಂಚವನ್ನೇ ತೆರೆದಿಟ್ಟರು. ಆದರೆ ಲಿವರ್‌ವರ್ಟ್‌ಗಳ ಜೀವಕೋಶಗಳಲ್ಲಿರುವ ತೈಲಕಣಗಳು ನಿಜವಾದ ಹಾವಸೆಗಳಲ್ಲಿ ಇಲ್ಲ. ಇವುಗಳಲ್ಲಿ ಸಿಗುವುದು ಮುಖ್ಯವಾಗಿ ಫ್ಲೇವನಾಯ್ಡ್‌ಗಳು, ಫೀನಾಲಿಕ್ ಆಮ್ಲಗಳು, ಕೆಲವು ಟರ್ಪಿನಾಯ್ಡ್‌ಗಳು ಮತ್ತು ಕೊಬ್ಬಿನಾಮ್ಲಗಳು, ಅವೂ ಸಣ್ಣ ಪ್ರಮಾಣದಲ್ಲಿ. ಆದ್ದರಿಂದ ಲಿವರ್‌ವರ್ಟ್‌ಗೆ ಒಗ್ಗುವ ವಿಧಾನವನ್ನು ಹಾವಸೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಸಂಗ್ರಹಕ್ಕೆ ನಾನು ಕಾಡಿಗೆ ಹೋಗಲಿಲ್ಲ. ಮೀಸಲು ಅರಣ್ಯದಿಂದ ಗಿಡ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲಾಗಿ ಹಾವಸೆ ಮರಳಿ ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ನಮ್ಮದೇ ಪಾಗಾರದಲ್ಲಿ, ಒಂದು ಕಡೆ ಅಂಗೈ ಅಗಲ ಕಿತ್ತರೆ ಪಕ್ಕದ ಎರಡರಷ್ಟು ಜಾಗವನ್ನು ಮುಟ್ಟದೆ ಬಿಟ್ಟು ಮುಂದೆ ಹೋದೆ. ಪ್ರತಿ ಸಲದ ಮಾದರಿಯಿಂದ ಒಂದು ಹಿಡಿಯನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿ, ಒಣ ಸಸ್ಯಗಳ ಸಂಗ್ರಹವಾದ ಹರ್ಬೇರಿಯಂಗೆ ಕೊಟ್ಟೆ. ಒಂದೇ ಮೆತ್ತೆಯಲ್ಲಿ ಮೂರು ನಾಲ್ಕು ಜಾತಿಯ ಹಾವಸೆಗಳು ಹೆಣೆದುಕೊಂಡಿರುವುದು ಸಾಮಾನ್ಯ. ಬರಿಗಣ್ಣಿಗೆ ಎಲ್ಲವೂ ಒಂದೇ ಹಸಿರು, ಸೂಕ್ಷ್ಮದರ್ಶಕದಲ್ಲಿ ಎಲೆಯ ಕೋಶಗಳನ್ನು ನೋಡಿದಾಗ ಮಾತ್ರ ಬೇರೆ ಬೇರೆ.

ಮೊದಲ ವರ್ಷ ನಾನು ಎಡವಿದ್ದು ಸ್ವಚ್ಛಗೊಳಿಸುವ ಹಂತದಲ್ಲಿ. ನಲ್ಲಿಯ ನೀರಿನಲ್ಲಿ ನಾಲ್ಕೈದು ಸಲ ಜಾಲಾಡಿ, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, 20 ಗ್ರಾಂ ತೂಗಿ ದ್ರಾವಕದಲ್ಲಿ ನೆನೆಹಾಕಿದೆ. ಮೂರನೆಯ ದಿನ ಫ್ಲಾಸ್ಕನ್ನು ಓರೆಯಾಗಿ ಹಿಡಿದಾಗ, ಹಸಿರು ದ್ರವದ ಅಡಿಯಲ್ಲಿ ಕುಂಕುಮದಷ್ಟು ನಯವಾದ ಕೆಂಪು ಗಸಿ ನಿಧಾನವಾಗಿ ಜಾರುವುದು ಕಾಣಿಸಿತು. ಅನುಮಾನ ಬಂದು ಉಳಿದ ಪುಡಿಯಲ್ಲಿ ಸ್ವಲ್ಪವನ್ನು ಮಫಲ್ ಕುಲುಮೆಯಲ್ಲಿ 550 ಡಿಗ್ರಿಯಲ್ಲಿ ಸುಟ್ಟೆವು. ಉಳಿದ ಬೂದಿ ಮೂಲ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚಿತ್ತು, ಅದೂ ಇಟ್ಟಿಗೆ ಪುಡಿಯಂತೆ ಕೆಂಪಗಿತ್ತು. ಅಂದರೆ ನಾನು ಹಾವಸೆ ಎಂದು ತೂಗಿದ್ದರಲ್ಲಿ ಒಂದು ದೊಡ್ಡ ಪಾಲು ಜಂಬಿಟ್ಟಿಗೆಯ ಧೂಳು. ಪ್ರತಿ ಗ್ರಾಂ ಹಾವಸೆಗೆ ಇಷ್ಟು ಸಾರ, ಇಷ್ಟು ಫೀನಾಲ್ ಎಂದು ಬರೆದುಕೊಂಡಿದ್ದ ಲೆಕ್ಕವೆಲ್ಲ ಅಲ್ಲಿಗೆ ಬಿದ್ದುಹೋಯಿತು.

ಎರಡನೆಯ ವರ್ಷ ಹಾವಸೆಯನ್ನು ಹಸಿಯಾಗಿರುವಾಗಲೇ ಅಗಲವಾದ ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ಹರಡಿ, ಚಿಮಟದಿಂದ ಒಂದೊಂದೇ ಎಳೆಯನ್ನು ಬಿಡಿಸಿ, ಬೇರಿನಂತಿರುವ ಕಂದು ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಹಸಿರನ್ನು ಮಾತ್ರ ಇಟ್ಟುಕೊಂಡೆ. ನಾನು ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಮಾಡುತ್ತಿದ್ದಾಗ ಅಮ್ಮ, "ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ಕಷ್ಟದ ಕೆಲಸ ಹಿಡಿದುಕೊಂಡೆಯಲ್ಲೇ" ಎಂದು ತಾವೂ ಒಂದು ತಟ್ಟೆ ಎಳೆದುಕೊಂಡು ಕುಳಿತರು. ಇಬ್ಬರೂ ಸೇರಿ 60 ಗ್ರಾಂ ಒಣ ಹಾವಸೆ ಸಿದ್ಧಪಡಿಸಲು ಹನ್ನೊಂದು ದಿನ ಹಿಡಿಯಿತು. ಇಡೀ ಪ್ರಯೋಗದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ ಎಂದು ನಾನು ಈಗ ಖಚಿತವಾಗಿ ನಂಬಿದ್ದೇನೆ.

ದ್ರಾವಕವಾಗಿ ಮೆಥನಾಲ್, ಶುದ್ಧ ಎಥನಾಲ್ ಮತ್ತು ಶೇ 70ರ ಎಥನಾಲ್ ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಎಥನಾಲ್ ತರಿಸಲು ಅಬಕಾರಿ ಇಲಾಖೆಯ ಪರವಾನಗಿಯ ಕಾಗದಪತ್ರಗಳು ಬೇಕಾಗುವುದರಿಂದ ಅನೇಕರು ಸುಲಭವಾಗಿ ಸಿಗುವ ಮೆಥನಾಲ್‌ನಲ್ಲೇ ಕೆಲಸ ಮುಗಿಸುತ್ತಾರೆ. ವಿಶ್ಲೇಷಣೆಗೆ ಅದು ಒಳ್ಳೆಯ ದ್ರಾವಕವೇ. ಆದರೆ ಅದು ಕಣ್ಣಿನ ನರವನ್ನೇ ಹಾಳುಮಾಡುವ ವಿಷವಾದ್ದರಿಂದ, ಮುಂದೆ ಔಷಧದ ದಿಕ್ಕಿನಲ್ಲಿ ಯೋಚಿಸುವವರು ಎಥನಾಲ್‌ನಿಂದ ಆರಂಭಿಸುವುದೇ ಸರಿ. ಶುದ್ಧ ಎಥನಾಲ್ ಪತ್ರಹರಿತ್ತನ್ನೂ ಮೇಣದಂಥ ಕೊಬ್ಬನ್ನೂ ಮೊದಲು ಎಳೆದುಕೊಂಡು ಕಡುಹಸಿರಾಯಿತು. ಶೇ 70ರ ಮಿಶ್ರಣ ಕಂದು ಬೆರೆತ ತಿಳಿಹಸಿರಿನಲ್ಲಿ ನಿಂತಿತು. ಅದರಲ್ಲಿರುವ ನೀರು ಒಣಗಿದ ಕೋಶಭಿತ್ತಿಯನ್ನು ಉಬ್ಬಿಸಿ ದಾರಿ ಮಾಡಿಕೊಡುತ್ತದೆ, ಸಕ್ಕರೆಯೊಡನೆ ಬೆಸೆದುಕೊಂಡ ಫ್ಲೇವನಾಯ್ಡ್‌ಗಳನ್ನು ಕರಗಿಸಿಕೊಳ್ಳುತ್ತದೆ. ಜೊತೆಗಿರುವ ಮದ್ಯಸಾರ ಫೀನಾಲ್‌ಗಳನ್ನು ಕೆಡಿಸುವ ಕಿಣ್ವಗಳ ಕೆಲಸವನ್ನು ನಿಲ್ಲಿಸುತ್ತದೆ, ಬೂಷ್ಟು ಬರಲೂ ಬಿಡುವುದಿಲ್ಲ. ಈ ಮಿಶ್ರಣ ಮಾಡುವಾಗ 700 ಮಿಲಿಲೀಟರ್ ಎಥನಾಲ್‌ಗೆ 300 ಮಿಲಿಲೀಟರ್ ನೀರು ಸುರಿದರೆ ಒಂದು ಲೀಟರ್ ಆಗುವುದಿಲ್ಲ, ಬೆರೆತಾಗ ಗಾತ್ರ ಕುಗ್ಗುತ್ತದೆ. ಆದ್ದರಿಂದ ಲೀಟರಿನ ಗೆರೆ ಮುಟ್ಟುವವರೆಗೆ ನೀರು ಸೇರಿಸಬೇಕು.

ಸಾಮಾನ್ಯವಾಗಿ ಹೇಳುವ, ಒಂದು ಗ್ರಾಂ ಪುಡಿಗೆ ಹತ್ತು ಮಿಲಿಲೀಟರ್ ದ್ರಾವಕದ ಪ್ರಮಾಣ ಹಾವಸೆಗೆ ಸಾಲದು. ಹತ್ತಿಯಂತೆ ಹಗುರವಾದ ಪುಡಿ ದ್ರಾವಕವನ್ನೆಲ್ಲ ಹೀರಿ ತೇಲುತ್ತದೆ. 20 ಗ್ರಾಂ ಪುಡಿಗೆ 400 ಮಿಲಿಲೀಟರ್ ಹಾಕಿ, ಕತ್ತಲಲ್ಲಿ ಶೇಕರ್ ಮೇಲೆ 24 ಗಂಟೆ ಇಟ್ಟು, ಸೋಸಿ, ಅದೇ ಚರಟಕ್ಕೆ ಮತ್ತೆರಡು ಸಲ ಹೊಸ ದ್ರಾವಕ ಹಾಕಿದೆ. ಇಷ್ಟಾದರೂ ಹಾವಸೆಯ ಫೀನಾಲ್‌ಗಳಲ್ಲಿ ಒಂದು ಪಾಲು ಕೋಶಭಿತ್ತಿಗೇ ಬೆಸೆದುಕೊಂಡಿರುವುದರಿಂದ ಬರಿಯ ಮದ್ಯಸಾರಕ್ಕೆ ಬರುವುದಿಲ್ಲ. ಅದನ್ನು ಕ್ಷಾರದಿಂದ ಬಿಡಿಸಬೇಕು, ಅದು ಬೇರೆಯೇ ಕೆಲಸ.

ನಿರ್ವಾತದಲ್ಲಿ ದ್ರಾವಕವನ್ನು ಆವಿಯಾಗಿಸುವ ರೋಟರಿ ಇವಾಪೊರೇಟರ್‌ನಲ್ಲಿ ನೀರಿನ ತೊಟ್ಟಿಯನ್ನು 40 ಡಿಗ್ರಿಗಿಂತ ಮೇಲೆ ಏರಿಸಲಿಲ್ಲ. ಎಥನಾಲ್ ಆವಿಯಾಗಿ ನೀರು ಉಳಿಯುತ್ತ ಬಂದಂತೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಕರಗಿದ್ದ ಪತ್ರಹರಿತ್ತು ನೀರಿನಲ್ಲಿ ನಿಲ್ಲಲಾಗದೆ ಗಾಜಿನ ಒಳಗೋಡೆಗೆ ಕಡುಹಸಿರು ಉಂಗುರವಾಗಿ ಅಂಟಿಕೊಳ್ಳುತ್ತದೆ, ಅದೇ ಹೊತ್ತಿಗೆ ದ್ರವ ಹಾಲಿನಂತೆ ನೊರೆಯೆದ್ದು ಮೇಲಕ್ಕೆ ನುಗ್ಗುತ್ತದೆ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ನಿರ್ವಾತವನ್ನು ನಿಧಾನವಾಗಿ ಏರಿಸಿದರೆ ಮಾತ್ರ ಸಾರ ಉಳಿಯುತ್ತದೆ. ಕೊನೆಗೆ ಕೈಗೆ ಬಂದದ್ದು 20 ಗ್ರಾಂಗೆ ಒಂದು ಗ್ರಾಂಗಿಂತ ತುಸು ಹೆಚ್ಚು, ಜೋನಿಬೆಲ್ಲದಂತೆ ಅಂಟುವ ಸಾರ.

ಮೊದಲ ವರ್ಷದ ಇನ್ನೊಂದು ತಪ್ಪನ್ನೂ ಹೇಳಬೇಕು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ನನ್ನ ಸಾರದ ಸುತ್ತ, ಅವು ಬೆಳೆಯದೆ ಉಳಿದ ಸ್ಪಷ್ಟವಾದ ಖಾಲಿ ವೃತ್ತ ಮೂಡಿದಾಗ ಸಂತೋಷವಾಗಿತ್ತು. ನಮ್ಮ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: "ಬರಿಯ ದ್ರಾವಕದ ತಟ್ಟೆ ಎಲ್ಲಿದೆಯಮ್ಮ?" ಹಾವಸೆಯನ್ನೇ ಹಾಕದೆ ಉಳಿದೆಲ್ಲ ಹಂತಗಳನ್ನೂ ಹಾಗೆಯೇ ನಡೆಸಿದ ಖಾಲಿ ಮಾದರಿ ಮಾಡಿ ನೋಡಿದಾಗ, ಅದರ ಸುತ್ತಲೂ ಅಂಥದೇ ವೃತ್ತ ಬಂತು. ಪೂರ್ತಿ ಆರದೆ ಉಳಿದ ಮದ್ಯಸಾರವೇ ಬ್ಯಾಕ್ಟೀರಿಯಾವನ್ನು ತಡೆದಿತ್ತು. ಈಗ ಸಾರದ ತೂಕ ಎರಡು ದಿನ ಬದಲಾಗದೆ ನಿಲ್ಲುವವರೆಗೆ ಒಣಗಿಸುತ್ತೇನೆ, ಸಾರ ತೆಗೆಯುವ ಪ್ರತಿ ಸಲವೂ ಖಾಲಿ ಮಾದರಿಯೊಂದನ್ನು ಜೊತೆಗೇ ನಡೆಸುತ್ತೇನೆ.

ಎರಡನೆಯ ವರ್ಷದ ಸಾರವನ್ನು ಸಂಯುಕ್ತಗಳನ್ನು ಬೇರೆ ಬೇರೆ ಎತ್ತರದ ಚುಕ್ಕೆಗಳಾಗಿ ಬಿಡಿಸುವ, ಸಿಲಿಕಾ ಲೇಪಿಸಿದ ಟಿಎಲ್‌ಸಿ ಫಲಕದ ಮೇಲೆ ಓಡಿಸಿ 365 ನ್ಯಾನೋಮೀಟರ್‌ನ ನೇರಳಾತೀತ ಬೆಳಕಿನಲ್ಲಿ ಹಿಡಿದಾಗ, ಪತ್ರಹರಿತ್ತು ಮೇಲ್ತುದಿಯಲ್ಲಿ ಕೆಂಡದಂತೆ ಕೆಂಪಾಗಿ ಹೊಳೆಯಿತು. ಅದಕ್ಕಿಂತ ಬಹಳ ಕೆಳಗೆ, ಖಾಲಿ ಮಾದರಿಯ ಸಾಲಿನಲ್ಲಿ ಏನೂ ಇಲ್ಲದ ಮಟ್ಟದಲ್ಲಿ, ಒಂದು ನೀಲಿ ಚುಕ್ಕೆ ಇತ್ತು. ಶೇ 70ರ ಎಥನಾಲ್‌ನ ಸಾಲಿನಲ್ಲಿ ಅದು ದಟ್ಟವಾಗಿತ್ತು, ಶುದ್ಧ ಎಥನಾಲ್‌ನದರಲ್ಲಿ ಕಂಡೂ ಕಾಣದಂತಿತ್ತು. ಸದ್ಯ ಆ ಚುಕ್ಕೆಯೊಂದನ್ನೇ ಸಿಲಿಕಾ ತುಂಬಿದ ಕೊಳವೆಯಲ್ಲಿ (ಕಾಲಂ) ಬೇರ್ಪಡಿಸುತ್ತಿದ್ದೇನೆ. ಈ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಪಾಗಾರದ ಇನ್ನೊಂದು ಮಗ್ಗುಲಿನಿಂದ ಹಾವಸೆ ತಂದು, ಅದೇ ಚುಕ್ಕೆ ಅದರಲ್ಲೂ ಬರುತ್ತದೆಯೇ ಎಂದು ನೋಡಬೇಕಾಗಿದೆ.