ಬೆಲ್ಲದ ಕೊಳೆ, ಮೂರು ಲೆಕ್ಕ

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಬೆಲ್ಲದ ನೀರಿಗೆ ಯೀಸ್ಟ್ ಹಾಕಿ ಹುದುಗಿಸಿ (ಇದಕ್ಕೇ ಕೊಳೆ ಅನ್ನುವುದು), ಅದರಲ್ಲಿ ಎಷ್ಟು ಆಲ್ಕೋಹಾಲ್ ಬಂತು ಅಂತ ಅಳೆಯುವ ಪ್ರಯೋಗವೊಂದು ನಮ್ಮಲ್ಲಿದೆ. ವರ್ಷದಲ್ಲಿ ಒಬ್ಬರೂ ತಪ್ಪಿಸಿಕೊಳ್ಳದ ಪ್ರಾಕ್ಟಿಕಲ್ ಅದೊಂದೇ. ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. ನಾವು ಬಟ್ಟಿ ಇಳಿಸುವುದು ಲ್ಯಾಬ್‌ನಲ್ಲಿ, ಅದೂ ಅಳೆಯಲಿಕ್ಕೆ ಅಂತ 100 ಎಂಎಲ್ ಮಾತ್ರ. ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಇಳಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. "ಕುಕ್ಕರ್‌ನಲ್ಲಿ ಆಗಲ್ವಾ ಮ್ಯಾಮ್?" ಅಂತ ಕೇಳುವ ಒಬ್ಬನಾದರೂ ಪ್ರತಿ ಬ್ಯಾಚ್‌ನಲ್ಲೂ ಇರುತ್ತಾನೆ. ಅವನಿಗೆ ಕೊಡುವ ಉತ್ತರಕ್ಕೆ ಆಮೇಲೆ ಬರುತ್ತೇನೆ.

2024ರ ಬೇಸಿಗೆಯಲ್ಲಿ 400 ಗ್ರಾಂ ಬೆಲ್ಲ ಕರಗಿಸಿ ಒಟ್ಟು 2 ಲೀಟರ್ ಮಾಡಿದೆವು. ಹುಡುಗರು ತಕ್ಷಣ ಕಾಗದ ಪೆನ್ನು ತೆಗೆದರು. ಸಮೀಕರಣದ ಪ್ರಕಾರ 342 ಗ್ರಾಂ ಸಕ್ಕರೆಯಿಂದ 184 ಗ್ರಾಂ ಎಥನಾಲ್ (ಹೆಂಡದಲ್ಲಿರುವ ಆಲ್ಕೋಹಾಲ್ ಇದೇ). ಅಂದರೆ 400 ಗ್ರಾಂಗೆ 215 ಗ್ರಾಂ. ಎಥನಾಲ್‌ನ ಸಾಂದ್ರತೆ 0.789, ಅದರಿಂದ ಭಾಗಿಸಿದರೆ ಸುಮಾರು 272 ಎಂಎಲ್. ಎರಡು ಲೀಟರ್‌ನಲ್ಲಿ 13.6 ಪರ್ಸೆಂಟ್! ಬೋರ್ಡ್ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದರು.

ನಮ್ಮ ಅಟೆಂಡರ್ ಮಂಡ್ಯ ಕಡೆಯವರು, ಆಲೆಮನೆ ನೋಡಿ ಬೆಳೆದವರು. ಬೋರ್ಡ್ ನೋಡಿ ನಕ್ಕರು. "ಬೆಲ್ಲ ಅಂದ್ರೆ ಬರೀ ಸಕ್ಕರೆನಾ ಮೇಡಂ?" ಅಲ್ಲವೇ ಅಲ್ಲ. ಅದರಲ್ಲಿ ತೇವ ಇದೆ, ಖನಿಜ ಇದೆ, ಯೀಸ್ಟ್ ಮುಟ್ಟದ ಇನ್ನೇನೇನೋ ಇದೆ. ಇದ್ದ ಸಕ್ಕರೆಯೂ ಪೂರ್ತಿ ಆಲ್ಕೋಹಾಲ್ ಆಗುವುದಿಲ್ಲ. ಯೀಸ್ಟ್ ತಾನು ಬೆಳೆಯಲಿಕ್ಕೆ ಒಂದಿಷ್ಟು ತಿನ್ನುತ್ತದೆ, ಒಂದಿಷ್ಟು ಗ್ಲಿಸರಾಲ್ ಮಾಡುತ್ತದೆ. ಹಾಗಾಗಿ ಸಮೀಕರಣದ ಅಂಕಿಯನ್ನು ನಾನು ಮೇಲಿನ ಮಿತಿ ಅಂತಷ್ಟೇ ಇಟ್ಟುಕೊಳ್ಳುತ್ತೇನೆ.

ನನ್ನ ಮೊದಲ ನಿಜವಾದ ಲೆಕ್ಕ ಹೈಡ್ರೋಮೀಟರ್‌ನದು. ದ್ರವ ನೀರಿನ ಎಷ್ಟು ಪಟ್ಟು ಸಾಂದ್ರವಾಗಿದೆ ಅಂತ ಅದು ತೇಲಿ ತೋರಿಸುತ್ತದೆ. ಯೀಸ್ಟ್ ಹಾಕುವ ಮೊದಲು 1.070 ಇತ್ತು. ಎಂಟು ದಿನ ಬಿಟ್ಟು, ಗುಳ್ಳೆ ನಿಂತ ಮೇಲೆ 1.008. ಎರಡರ ವ್ಯತ್ಯಾಸವನ್ನು ಇದಕ್ಕೆಂದೇ ರೂಢಿಯಲ್ಲಿರುವ 131.25ರಿಂದ ಗುಣಿಸಿದರೆ 8.1 ಪರ್ಸೆಂಟ್. ಸುಲಭ. ಆದರೆ ನಮ್ಮ ಹೈಡ್ರೋಮೀಟರ್ 20 ಡಿಗ್ರಿಗೆ ಅಂತ ಮಾಡಿದ್ದು. ಏಪ್ರಿಲ್ ಮಧ್ಯಾಹ್ನ ನಮ್ಮ ಲ್ಯಾಬ್ 30 ಡಿಗ್ರಿ. ಜಾರನ್ನು ತಣ್ಣೀರಿನಲ್ಲಿಟ್ಟು 20ಕ್ಕೆ ಇಳಿಸದೆ ಓದಬಾರದು.

ಎರಡನೇ ಲೆಕ್ಕ ನನಗೆ ತುಂಬಾ ಇಷ್ಟ. ಇದಕ್ಕೆ ತಕ್ಕಡಿ ಇದ್ದರೆ ಸಾಕು. ಸಕ್ಕರೆ ಒಡೆದಾಗ ಪ್ರತಿ 92 ಗ್ರಾಂ ಎಥನಾಲ್ ಜೊತೆಗೆ 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಅಂದರೆ ಫ್ಲಾಸ್ಕ್ ಎಷ್ಟು ಹಗುರಾಯಿತೋ ಹೆಚ್ಚುಕಡಿಮೆ ಅಷ್ಟೇ ತೂಕದ ಆಲ್ಕೋಹಾಲ್ ಒಳಗಿದೆ. ನಮ್ಮದು 124 ಗ್ರಾಂ ಇಳಿದಿತ್ತು. ಅದು ಸುಮಾರು 130 ಗ್ರಾಂ ಎಥನಾಲ್, 164 ಎಂಎಲ್, 8.2 ಪರ್ಸೆಂಟ್. ಎರಡು ಲೆಕ್ಕವೂ ಒಂದೇ ಕಡೆ ಬಂದು ನಿಂತವು.

ಮೂರನೆಯದು ಬಟ್ಟಿ ಇಳಿಸಿ ಅಳೆಯುವುದು. ಆಲ್ಕೋಹಾಲ್‌ಮೀಟರನ್ನು ನೇರವಾಗಿ ಕೊಳೆಯಲ್ಲಿ ಮುಳುಗಿಸಿದರೆ ಉಳಿದ ಸಕ್ಕರೆ ಅದನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತದೆ. ಅದಕ್ಕೇ 100 ಎಂಎಲ್ ಕೊಳೆಗೆ 50 ಎಂಎಲ್ ನೀರು ಸೇರಿಸಿ ಕುದಿಸಿ, 90 ಎಂಎಲ್ ದಾಟುವವರೆಗೆ ಇಳಿಸಿ, ಡಿಸ್ಟಿಲ್ಡ್ ವಾಟರ್‌ನಿಂದ ಮತ್ತೆ ಸರಿಯಾಗಿ 100 ಎಂಎಲ್ ಮಾಡುತ್ತೇವೆ. ಈಗ ಅದರಲ್ಲಿ ಇರುವುದು ನೀರು, ಆಲ್ಕೋಹಾಲ್ ಎರಡೇ ಅಂದುಕೊಳ್ಳಬಹುದು. ನಿಗದಿತ ಅಳತೆಯ ಸಣ್ಣ ಬಾಟಲಿಯಲ್ಲಿ ತುಂಬಿ ತೂಗಿ ಸಾಂದ್ರತೆ ತಿಳಿದುಕೊಂಡು, ಅದು ಎಷ್ಟು ಪರ್ಸೆಂಟ್ ಅಂತ ಟೇಬಲ್ ನೋಡಿದರೆ ಆಯಿತು.

ಬಂದದ್ದು 0.9881. ಅಂದರೆ 7.3 ಪರ್ಸೆಂಟ್.

ಉಳಿದ 0.8 ಎಲ್ಲಿ ಹೋಯಿತು? ಹುಡುಗರು ಮೊದಲು ದೂರಿದ್ದು ಥರ್ಮಾಮೀಟರನ್ನು, ಕೊನೆಗೆ ನೀರು 97ರಲ್ಲೇ ಕುದಿಯುತ್ತಿತ್ತು ಅಂತ. ಪಾಪ, ಅದರದ್ದೇನೂ ತಪ್ಪಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಎಥನಾಲ್ ಕೂಡ ಪುಸ್ತಕದ 78ಕ್ಕಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ.

ಕಳ್ಳ ಸಿಕ್ಕಿದ್ದು ಬಕೆಟ್‌ನಲ್ಲಿ. ಆ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ ಬತ್ತಿ ಊರೆಲ್ಲ ಟ್ಯಾಂಕರ್‌ಗೆ ಕಾಯುತ್ತಿತ್ತು. ಆವಿಯನ್ನು ತಣ್ಣಗಾಗಿಸುವ ಕಂಡೆನ್ಸರ್ ಮೂಲಕ ನಲ್ಲಿ ನೀರನ್ನು ಗಂಟೆಗಟ್ಟಲೆ ಸಿಂಕಿಗೆ ಹರಿಸಲು ನನಗೆ ಮನಸ್ಸಾಗಲಿಲ್ಲ. ಒಂದು ಬಕೆಟ್ ನೀರು, ಅದಕ್ಕೊಂದು ಕೂಲರ್ ಪಂಪ್ ಇಟ್ಟು ಅದೇ ನೀರನ್ನು ಸುತ್ತಿಸಿದ್ದೆ. ಅರ್ಧ ಗಂಟೆಯಲ್ಲಿ ಅದು ಸ್ನಾನದ ನೀರಾಗಿತ್ತು. ಆವಿ ಪೂರ್ತಿ ತಣ್ಣಗಾಗದೆ ತುದಿಯಿಂದ ಗಾಳಿಗೆ ಹೋಗುತ್ತಿತ್ತು. ಲ್ಯಾಬಿಡೀ ವಾಸನೆ ಬಂದಿದ್ದಕ್ಕೆ ಅದೇ ಕಾರಣ. ಮೂಗಿಗೆ ಗೊತ್ತಾಗಿತ್ತು, ತಲೆಗೆ ಹೋಗಿರಲಿಲ್ಲ. ಆಲ್ಕೋಹಾಲ್ ಆವಿ ಬೆಂಕಿಗೂ ಹತ್ತುತ್ತದೆ. ಬರ್ನರ್ ಬದಲು ಬೆಂಕಿಯಿಲ್ಲದ ವಿದ್ಯುತ್ ಹೀಟಿಂಗ್ ಮ್ಯಾಂಟಲ್ ಇಟ್ಟಿದ್ದರಿಂದ ಬಚಾವಾದೆವು.

ಮರುದಿನ ಕ್ಯಾಂಟೀನಿನ ಜ್ಯೂಸ್ ಕೌಂಟರ್‌ನಿಂದ ಐಸ್ ತಂದು ಬಕೆಟ್‌ಗೆ ಸುರಿದೆವು. ಇಳಿಯುವ ಕಡೆಯ ಫ್ಲಾಸ್ಕ್‌ನಲ್ಲಿ ಸ್ವಲ್ಪ ನೀರು ಹಾಕಿ, ಕೊಳವೆಯ ತುದಿ ಅದರಲ್ಲಿ ಮುಳುಗುವಂತೆ ಇಟ್ಟೆವು. ಈ ಸಲ 0.9872, ಅಂದರೆ 8.0. ವ್ಯತ್ಯಾಸ ಇದ್ದಿದ್ದು ಮೂರನೇ ದಶಾಂಶದ ಆಚೆಗೆ, ನೋಡಿ. 30 ಡಿಗ್ರಿಯಲ್ಲೇ ಅಳೆದಿದ್ದರೆ ಇದೇ ದ್ರವ 10ರ ಹತ್ತಿರ ತೋರಿಸಿ, ನಾವು ಖುಷಿಯಾಗಿ ಮನೆಗೆ ಹೋಗಿರುತ್ತಿದ್ದೆವು.

ಆಮೇಲೆ ಇಳುವರಿ ಲೆಕ್ಕ, ಬರೀ ಕಾಗದದ ಮೇಲೆ. ನಮ್ಮಲ್ಲಿ ವಿಸ್ಕಿ, ರಮ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್, 75 ಡಿಗ್ರಿ ಪ್ರೂಫ್ ಅಂತ ಇರುತ್ತದೆ. ಇದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರಲ್ಲಿ 100 ಪ್ರೂಫ್ ಅಂದರೆ 57.1 ಪರ್ಸೆಂಟ್, ಅದರ ಮುಕ್ಕಾಲು 42.8. ಎರಡು ಲೀಟರ್‌ನಲ್ಲಿ 160 ಎಂಎಲ್ ಆಲ್ಕೋಹಾಲ್ ಇದ್ದರೆ, ಒಂದು ಹನಿಯೂ ಪೋಲಾಗದೆ ಆ ಮಟ್ಟಕ್ಕೆ 374 ಎಂಎಲ್ ಬರಬೇಕು. ಬೋರ್ಡ್ ಮೇಲಿನ 13.6 ನಂಬಿದ್ದರೆ 630 ದಾಟುತ್ತಿತ್ತು. ಇಲ್ಲಿ ಇನ್ನೊಂದು ತಮಾಷೆ ಇದೆ. 50 ಎಂಎಲ್ ಎಥನಾಲ್‌ಗೆ 50 ಎಂಎಲ್ ನೀರು ಸೇರಿಸಿದರೆ 100 ಆಗುವುದಿಲ್ಲ, 96ರ ಆಸುಪಾಸು ನಿಲ್ಲುತ್ತದೆ. ಹಾಗಾಗಿ ನೀರು ಬೆರೆಸುವಾಗ ಇಷ್ಟು ನೀರು ಅಂತ ಸೇರಿಸದೆ, ಕೊನೆಯ ಗೆರೆವರೆಗೆ ತುಂಬಿಸಬೇಕು.

ಈಗ ಕುಕ್ಕರ್ ಹುಡುಗನ ವಿಷಯ. ಅವನಿಗೆ ನಾನು ಎರಡು ಅಂಕಿ ಬರೆದು ತೋರಿಸುತ್ತೇನೆ. ಎಥನಾಲ್ 0.789, ವಿಷವಾದ ಮೆಥನಾಲ್ 0.792. ಹೈಡ್ರೋಮೀಟರ್‌ಗೆ ಇವೆರಡೂ ಒಂದೇ. ಬೆಂಕಿಕಡ್ಡಿ ಗೀರಿ ನೋಡಿದರೆ ಎರಡೂ ಉರಿಯುತ್ತವೆ. 1981ರಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬೆಲ್ಲದ ಕೊಳೆಯಲ್ಲಿ ತಾನಾಗೇ ಅಷ್ಟು ಮೆಥನಾಲ್ ಹುಟ್ಟುವುದಿಲ್ಲ, ಯಾರೋ ಬೆರೆಸಿದ್ದರೇ ಆ ಮಟ್ಟಕ್ಕೆ ಬರುವುದು. ಆದರೆ ಬಾಟಲಿ ಕೈಗೆ ಬಂದಾಗ ನನ್ನ ಯಾವ ಲೆಕ್ಕವೂ ಅದನ್ನು ಹಿಡಿಯಲಾರದು. ಪರ್ಸೆಂಟ್ ಎಷ್ಟು ಅಂತಷ್ಟೇ ಅವು ಹೇಳುತ್ತವೆ.

ಉಳಿದದ್ದನ್ನೆಲ್ಲ ಆ ದಿನವೇ ನೀರು ಬೆರೆಸಿ ಸಿಂಕಿಗೆ ಸುರಿದು, ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿದೆ. ಅಟೆಂಡರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಬೆಲ್ಲಾನಾದ್ರೂ ಉಳಿದಿದ್ರೆ ಪಾಯಸ ಆಗ್ತಿತ್ತು ಮೇಡಂ" ಅಂದರು.