ಹಳೆಯ ಅಮೆರಿಕನ್ ಯೂನಿಫಾರ್ಮನ್ನು ನಾನು ಓದುವ ಬಗೆ

ಇಲ್ಲಿ ಓಹಾಯೋದಲ್ಲಿ ಮನೆಯ ಹಿರಿಯರು ತೀರಿಕೊಂಡರೆ, ಮಕ್ಕಳು ಸಾಮಾನನ್ನೆಲ್ಲ ಆ ಮನೆಯಲ್ಲೇ ಮಾರಾಟಕ್ಕೆ ಇಡುತ್ತಾರೆ. ಎಸ್ಟೇಟ್ ಸೇಲ್ ಅಂತಾರೆ. ಉಳಿದವರು ಸೋಫಾ, ಪಿಂಗಾಣಿ ನೋಡುವಾಗ ನಾನು ಸೀದಾ ಬೇಸ್‌ಮೆಂಟಿಗೆ ಇಳಿಯುತ್ತೇನೆ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರ ಮರದ ಟ್ರಂಕು ಹೆಚ್ಚಾಗಿ ಅಲ್ಲೇ ಸಿಗುವುದು.

ಪದಕ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಎಷ್ಟೋ ಪದಕಗಳ ಮೇಲೆ ಹೆಸರೇ ಇರುವುದಿಲ್ಲ. ಬಟ್ಟೆ ಹಾಗಲ್ಲ, ಹಾಕಿಕೊಂಡವರ ಬಗ್ಗೆ ಏನಾದರೂ ಹೇಳಿಯೇ ಹೇಳುತ್ತದೆ. ನನಗೆ ಜಾಸ್ತಿ ಇಷ್ಟ ಐಕ್ ಜಾಕೆಟ್. ಸೊಂಟದವರೆಗಷ್ಟೇ ಬರುವ ಉಣ್ಣೆ ಜಾಕೆಟ್ ಇದು, ಸೇನೆಗೆ ಬಂದದ್ದು 1944ರಲ್ಲಿ. ಜನರಲ್ ಐಸೆನ್‌ಹೋವರ್‌ಗೆ ಅಚ್ಚುಮೆಚ್ಚಾಗಿದ್ದರಿಂದ ಆ ಹೆಸರು; 'ಐಕ್' ಅನ್ನುವುದು ಅವರ ಅಡ್ಡಹೆಸರು.

ಜಾಕೆಟ್ ಕೈಗೆ ಬಂದರೆ ಮೊದಲು ಒಳಜೇಬು ನೋಡುತ್ತೇನೆ. ಅಲ್ಲಿ ಬಿಳಿ ಬಟ್ಟೆಯ ಲೇಬಲ್ ಹೊಲಿದಿರುತ್ತದೆ: ಅಳತೆ, ಗುತ್ತಿಗೆಯ ತಾರೀಖು, ಸೇನೆಗೆ ಬಟ್ಟೆ ಪೂರೈಸುತ್ತಿದ್ದ ಫಿಲಡೆಲ್ಫಿಯಾ ಡಿಪೋದ ಹೆಸರು. ಮಾರುವವರು "ನಮ್ಮ ತಾತ ಇದನ್ನೇ ಹಾಕಿಕೊಂಡು ನಾರ್ಮಂಡಿಯಲ್ಲಿ ಇಳಿದದ್ದು" ಅನ್ನುತ್ತಾರೆ. ಫ್ರಾನ್ಸಿನ ಆ ಕಡಲತೀರದ ಮೇಲೆ ದಾಳಿ ನಡೆದದ್ದು 1944ರ ಜೂನ್ 6ರಂದು. ಲೇಬಲ್ಲಿನಲ್ಲಿ 1945 ಅಂತಿದ್ದರೆ, ತಾತ ಹೋಗಿರಬಹುದು, ಈ ಜಾಕೆಟ್ ಹೋಗಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಎಷ್ಟೋ ಜನರಿಗೆ ಇದು ಸಿಕ್ಕಿದ್ದೇ ಯುದ್ಧ ಮುಗಿಯುವ ಹೊತ್ತಿಗೆ.

ಆಮೇಲೆ ಲಾಂಡ್ರಿ ಗುರುತು. ಕಾಲರಿನ ಒಳಗೋ ಅಸ್ತರಿನ ಮೇಲೋ ಕಪ್ಪು ಶಾಯಿಯಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ ಇರುತ್ತವೆ. ಅಕ್ಷರ ಮನೆತನದ ಹೆಸರಿನ ಮೊದಲನೆಯದು, ಅಂಕಿಗಳು ಸೇನಾ ಸಂಖ್ಯೆಯ ಕೊನೆಯ ನಾಲ್ಕು. ಯಾರ ಮನೆಯ ಸೇಲ್ ಅಂತ ಗೊತ್ತಿದ್ದರೆ ಅಕ್ಷರ ತಾಳೆಯಾಗುತ್ತದೋ ನೋಡಬಹುದು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಭರ್ತಿ ಪಟ್ಟಿ ಆನ್‌ಲೈನ್‌ನಲ್ಲೇ ಇದೆ, ಸುಮಾರು 90 ಲಕ್ಷ ಹೆಸರುಗಳು. ಹಳೆಯ ಪಂಚ್ ಕಾರ್ಡಿನಿಂದ ಇಳಿಸಿದ್ದು, ಹಾಗಾಗಿ ಕಾಗುಣಿತದ ತಪ್ಪುಗಳಿಗೆ ಬರವಿಲ್ಲ. ಪೂರ್ತಿ ಸಂಖ್ಯೆ ಸಿಕ್ಕರೆ ಮೊದಲ ಅಂಕಿ ನೋಡಿ. 1 ಇದ್ದರೆ ತಾನಾಗಿಯೇ ಸೇನೆ ಸೇರಿದವನು, 2 ಇದ್ದರೆ ನ್ಯಾಷನಲ್ ಗಾರ್ಡ್ (ರಾಜ್ಯಗಳ ಮೀಸಲು ಪಡೆ), 3 ಇದ್ದರೆ ಕಡ್ಡಾಯ ಭರ್ತಿ. ನಮ್ಮ ಸುತ್ತಮುತ್ತ ಸಿಗುವುದು 35ರಿಂದ ಶುರುವಾಗುವ ಸಂಖ್ಯೆಗಳೇ ಜಾಸ್ತಿ. ಆ 5 ಓಹಾಯೋ, ಇಂಡಿಯಾನಾ, ಕೆಂಟಕಿ, ವೆಸ್ಟ್ ವರ್ಜೀನಿಯಾಗಳ ಗುರುತು.

ಇಷ್ಟಾದ ಮೇಲೆ ಆ ಸೈನಿಕನ ಸೇವಾ ಕಡತ ತರಿಸಿಬಿಡಬಹುದಲ್ವಾ? ಅಷ್ಟು ಸುಲಭವಿಲ್ಲ. 1973ರ ಜುಲೈ 12ರಂದು ಸೈನಿಕರ ಕಡತಗಳಿದ್ದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು ಹೋದವು. ಹಾಗಾಗಿ ಎಷ್ಟೋ ಸಲ ಜಾಕೆಟ್ಟಿನ ಮೇಲಿರುವುದನ್ನೇ ನಂಬಬೇಕು. ಎಡತೋಳಿನ ಕೆಳಗಿನ ಒಂದೊಂದು ಚಿನ್ನದ ಬಣ್ಣದ ಅಡ್ಡಪಟ್ಟಿಯೂ ಹೊರದೇಶದಲ್ಲಿ ಕಳೆದ 6 ತಿಂಗಳು. ಬಲಜೇಬಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಪ್ಯಾಚ್ ಇದ್ದರೆ ಗೌರವದಿಂದ ಬಿಡುಗಡೆಯಾದವನು. ಸೈನಿಕರೇ ಅದಕ್ಕೆ 'ಹೊಟ್ಟೆಯೊಡೆದ ಬಾತುಕೋಳಿ' ಅಂತ ಹೆಸರಿಟ್ಟಿದ್ದರು!

ಎಡಭುಜದ ಪ್ಯಾಚ್ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಗುರಾಣಿಯ ಆಕಾರ, ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ಇದು ಚೀನಾ-ಬರ್ಮಾ-ಇಂಡಿಯಾ ಯುದ್ಧರಂಗದಲ್ಲಿದ್ದ ಅಮೆರಿಕನ್ ಸೈನಿಕರದ್ದು. ಸೂರ್ಯ ಚೀನಾದ್ದು, ನಕ್ಷತ್ರ ನಮ್ಮ ಭಾರತದ್ದು. ನಾನು ಬೆಂಗಳೂರಿನವನು. 1943ರಿಂದ ಅಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಸೇನಾ ವಿಮಾನಗಳು ರಿಪೇರಿ ಆಗುತ್ತಿದ್ದವು. ಹಾಗಾಗಿ ಈ ಪ್ಯಾಚ್ ಕಂಡರೆ ಕೈ ತಾನಾಗಿಯೇ ಪರ್ಸಿಗೆ ಹೋಗುತ್ತದೆ.

ಇವುಗಳಲ್ಲಿ ಎರಡು ಬಗೆ. ಅಮೆರಿಕದ್ದು ಯಂತ್ರದಲ್ಲಿ ಒಂದೇ ಸಮ ಹೊಲಿದದ್ದು. ಭಾರತದಲ್ಲಿ ದರ್ಜಿಗಳಿಂದ ಮಾಡಿಸಿಕೊಂಡದ್ದು ಕೈಕೆಲಸ. ಕೆಲವಕ್ಕೆ ಜರಿ, ಕೆಲವಕ್ಕೆ ಚರ್ಮ. ಒಂದರ ಹಾಗೆ ಇನ್ನೊಂದಿಲ್ಲ. ಬೆಲೆಯೂ ಇವಕ್ಕೇ ಜಾಸ್ತಿ, ಅದಕ್ಕೇ ನಕಲಿಯೂ ಜಾಸ್ತಿ. ಜರಿ ಕೆಲಸ ನಮ್ಮ ಕಡೆ ಇಂದಿಗೂ ನಡೆಯುತ್ತದಲ್ಲ, ಹೊಸದು ಮಾಡಿ ಟೀ ಡಿಕಾಕ್ಷನ್‌ನಲ್ಲಿ ಅದ್ದಿದರೆ ಆಯ್ತು. ನಾನು ಪ್ಯಾಚಿನ ಹಿಂಬದಿ ನೋಡುತ್ತೇನೆ. ನಿಜವಾಗಿ ಹಳೆಯದಾದ ಜರಿ ಸಂದುಗಳಲ್ಲಿ ಕಪ್ಪಾಗಿರುತ್ತದೆ, ಉಬ್ಬಿದ ಕಡೆ ಸವೆದಿರುತ್ತದೆ. ಎಲ್ಲ ಕಡೆ ಒಂದೇ ಬಣ್ಣಕ್ಕೆ ತಿರುಗಿದ್ದರೆ ಅನುಮಾನಿಸಿ. ಪ್ಯಾಚಿನ ಸುತ್ತ ಉಣ್ಣೆ ಮಾಸಿದ್ದು, ಅಂಚಿನಲ್ಲಿ ಖಾಲಿ ಸೂಜಿತೂತು ಇದ್ದರೆ ಅಲ್ಲಿ ಮೊದಲು ಬೇರೆ ಏನೋ ಇತ್ತು ಅಂತ ಅರ್ಥ.

ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇಟ್ಟುಕೊಂಡಿರುತ್ತೇನೆ. ಈಚಿನ ದಾರ ಅದರ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಆದರೆ ಯಾರೋ ಪಾಪ ಅಜ್ಜನ ಜಾಕೆಟ್ಟನ್ನು ಈಗಿನ ಡಿಟರ್ಜೆಂಟಿನಲ್ಲಿ ತೊಳೆದಿದ್ದರೆ ಅಸಲಿಯೂ ಹೊಳೆಯುತ್ತದೆ. ಟಾರ್ಚ್ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಪ್ರತಿ ವರ್ಷ ಕೆಂಟಕಿಯ ಲೂಯಿವಿಲ್‌ನಲ್ಲಿ 'ಶೋ ಆಫ್ ಶೋಸ್' ಅನ್ನುವ ಹಳೆಯ ಸೇನಾ ವಸ್ತುಗಳ ಮೇಳ ನಡೆಯುತ್ತದೆ. ಅಲ್ಲಿ ಏನೂ ಕೊಳ್ಳದೆ ಸುಮ್ನೆ ಅಸಲಿ ಬಟ್ಟೆ ಮುಟ್ಟಿ ನೋಡುತ್ತಾ ತಿರುಗಿದರೂ ಬಹಳ ಕಲಿಯಬಹುದು.

ಹೆಲ್ಮೆಟ್ ವಿಷಯ ಚುಟುಕಾಗಿ ಹೇಳುತ್ತೇನೆ. ಆಗಿನ ಅಮೆರಿಕನ್ ಸೈನಿಕರ ಉಕ್ಕಿನ ಎಂ1 ಹೆಲ್ಮೆಟ್ಟಿನ ಅಂಚಿನ ಪಟ್ಟಿ ಸೇರುವ ಜಾಗ ಮೊದಲು ಮುಂಭಾಗದಲ್ಲಿತ್ತು, 1944ರ ಕೊನೆಯ ಹೊತ್ತಿಗೆ ಹಿಂದಕ್ಕೆ ಹೋಯಿತು. ಹಿಂಬದಿಯಲ್ಲಿ ಜೋಡಣೆ ಇರುವುದನ್ನು ನಾರ್ಮಂಡಿಯದ್ದು ಅಂತ ಮಾರಿದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಕೆಲವನ್ನು ನಾನು ಕೊಳ್ಳುವುದೇ ಇಲ್ಲ. ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಮಾರುವುದು ಅಮೆರಿಕದಲ್ಲಿ ಅಪರಾಧ. ಗ್ರೆನೇಡ್ ಖಾಲಿ ಇದೆ ಅಂತ ಯಾರು ಹೇಳಿದರೂ ಮುಟ್ಟುವುದಿಲ್ಲ. ಆ ಕಾಲದ ಎಷ್ಟೋ ಗಡಿಯಾರ, ದಿಕ್ಸೂಚಿಗಳ ಮುಳ್ಳಿಗೆ ರೇಡಿಯಂ ಬಣ್ಣ ಬಳಿದಿದ್ದರು. ಈಗ ಕತ್ತಲಲ್ಲಿ ಹೊಳೆಯದಿದ್ದರೂ ರೇಡಿಯಂ ಹಾಗೇ ಇರುತ್ತದೆ, ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ನನ್ನ ಹತ್ತಿರ ಅಂಥ ಒಂದು ದಿಕ್ಸೂಚಿ ಇದೆ. ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಟ್ಟಿದ್ದೇನೆ. ಅದರ ಗಾಜನ್ನು ಮಾತ್ರ ಯಾವತ್ತೂ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ.