ಹಳ್ಳದ ಪಕ್ಕ ಪಾಯ ತೆಗೆಯುವ ಮುಂಚೆ ಲೆವೆಲ್ ಪೈಪ್ ಹಿಡಿದು ನೋಡಿ

ಸಕಲೇಶಪುರ, ಮೂಡಿಗೆರೆ ಕಡೆ ಹೇಮಾವತಿಗೋ ಅದಕ್ಕೆ ಸೇರುವ ಹಳ್ಳಕ್ಕೋ ಹತ್ತಿರ ಮನೆ ಕಟ್ಟುವವರು, 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಅಕ್ಕಪಕ್ಕದ ಗೋಡೆಯಲ್ಲಿ ತೋರಿಸಿಕೊಂಡು, ಆ ಮಟ್ಟವನ್ನು ಗಾರೆಯವರ ಲೆವೆಲ್ ಪೈಪಿನಿಂದ ನಿಮ್ಮ ಜಾಗದ ಗೂಟಕ್ಕೆ ತನ್ನಿ. ನೀರು ತುಂಬಿದ ಈ ಪಾರದರ್ಶಕ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಕಣ್ಣಳತೆ ಖಂಡಿತ ಮೋಸ ಮಾಡುತ್ತದೆ. ಗೂಟದ ಗೆರೆಗಿಂತ ಎರಡಡಿಯಾದರೂ ಮೇಲೆ ಮನೆಯ ನೆಲ ಬರಲಿ. ಪೈಪಿನೊಳಗೆ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ, ನೀರಿಗೆ ಚೂರು ಬಟ್ಟೆನೀಲಿ ಬೆರೆಸಿದರೆ ಕಾಣಿಸುತ್ತದೆ. ಓದುವಾಗ ಎರಡೂ ತುದಿಯಿಂದ ಹೆಬ್ಬೆರಳು ತೆಗೆದಿರಬೇಕು. ಗುರುತು ನಿಮ್ಮ ಜಾಗದ ನೇರಕ್ಕೋ ಸ್ವಲ್ಪ ಮೇಲಕ್ಕೋ ಇರಲಿ, ಹರಿವಿನ ಕೆಳಗಿನದಾದರೆ ಮಟ್ಟ ಕಡಿಮೆ ಬರುತ್ತದೆ. ಒಬ್ಬರ ನೆನಪು ಸಾಲದು, ಎರಡು ಗುರುತು ತಾಳೆಯಾಗಬೇಕು. 2019ರ ನಂತರ ಹರಿವಿನ ಕೆಳಗಡೆ ಹೊಸ ಮೋರಿ ಹಾಕಿದ್ದರೆ, ರಸ್ತೆ ಎತ್ತರಿಸಿದ್ದರೆ ಹಳೇ ಗುರುತು ನಂಬಬೇಡಿ: ಕಸಕಡ್ಡಿ ಕಟ್ಟಿಕೊಂಡು ನೀರು ಹಿಂದಕ್ಕೆ ಒತ್ತುತ್ತದೆ. ಮಣ್ಣು ತುಂಬಿ ಮಟ್ಟ ಮಾಡಿದ ಗದ್ದೆಯಾದರೆ ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಹಾದಿದೆಯೇ ಅಂತಲೂ ನೋಡಿ. ಮನೆಯ ಬೆನ್ನಿಗೆ ಕಡಿದ ದರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಇದ್ದರೆ ಮಾತ್ರ ಈ ಅಳತೆ ಯಾವ ಧೈರ್ಯವನ್ನೂ ಕೊಡದು, ಗುಡ್ಡ ಕುಸಿತದ ಲೆಕ್ಕವೇ ಬೇರೆ.